ಕ್ರಮ ಸಂಖ್ಯೆ ಒಂದು

ಇಡೀ ಬೀದಿಗೆ ಅಣ್ಣನಾಗಿದ್ದ ಕೀಲಿಯಣ್ಣ ತನ್ನ ಮನೆಯಲ್ಲಿ ಮಾತ್ರ ತಮ್ಮ. ಮುಂದೆ ನಡೆದ ಅನಾಹುತಕ್ಕೆಲ್ಲ ಇದೊಂದೇ ಕಾರಣ ಎಂದರೆ ನೀವು ನಂಬಲಿಕ್ಕಿಲ್ಲ. ಆದರೂ ಕೇಳಿ.

ಅವನಿಗಿಂತ ಮೂರು ವರ್ಷ ಮೊದಲು ಒಬ್ಬ ಅಣ್ಣ ಹುಟ್ಟಿಬಿಟ್ಟಿದ್ದ. ಹಾಗಾಗಿ ತೊಟ್ಟಿಲಿನಿಂದ ಶುರುವಾಗಿ ಅಂಗಿ, ಚಡ್ಡಿ, ಬೂಟು, ಸ್ಕೂಲ್ ಬ್ಯಾಗು, ಸೈಕಲ್ಲು ಎಲ್ಲವೂ ಒಂದು ಸುತ್ತು ಬಳಕೆಯಾಗಿಯೇ ಕೀಲಿಯಣ್ಣನ ಕೈಸೇರಿದವು. ಗಣಿತದ ಪುಸ್ತಕದ ಲೆಕ್ಕಗಳನ್ನೆಲ್ಲ ಅಣ್ಣ ಆಗಲೇ ಪೆನ್ಸಿಲಿನಲ್ಲಿ ಬಿಡಿಸಿಟ್ಟಿದ್ದ. ಅದರಲ್ಲಿ ತಪ್ಪಾಗಿದ್ದವನ್ನೂ ಕೀಲಿಯಣ್ಣ ಹಾಗೇ ಇಳಿಸಿಕೊಂಡು, ಅದೇ ಮೇಷ್ಟರಿಂದ ಅದೇ ಏಟನ್ನು ಎರಡನೆಯವನಾಗಿ ತಿಂದ. ದಡಾರ ಕೂಡ ಅಣ್ಣನಿಂದಲೇ ಬಂತು, ಅವನಿಗೆ ಪೂರ್ತಿ ವಾಸಿಯಾದ ಮೇಲೆ.

ದೊಡ್ಡವನಾದ ಮೇಲೆ ಅವನು ಹಿಡಿದ ಕಸುಬನ್ನಾದರೂ ನೋಡಿ. ಡೂಪ್ಲಿಕೇಟ್ ಕೀ ಮಾಡುವುದು. ಎರಡು ಕೈ ಚಾಚಿದರೆ ಎರಡೂ ಗೋಡೆ ಸಿಗುವಷ್ಟು ಅಗಲದ ಅಂಗಡಿ. ಗೋಡೆಯ ಮೊಳೆಗಳಲ್ಲಿ ಹಲ್ಲು ಮೂಡದ ನೂರಾರು ಖಾಲಿ ಕೀಗಳು. ಯಾರೋ ತಂದುಕೊಟ್ಟ ಮೊದಲ ಕೀಯನ್ನು ಮಷೀನಿನ ಒಂದು ಕಡೆ ಸಿಕ್ಕಿಸಿ, ಇನ್ನೊಂದು ಕಡೆ ಎರಡನೆಯದನ್ನು ಕೊರೆದು, ಅರದಿಂದ ಉಜ್ಜಿ ಕೊಡುವುದು. ಮೂವತ್ತೈದು ವರ್ಷದಲ್ಲಿ ಅವನ ಕೈಯಿಂದ ಲಕ್ಷಾಂತರ ಎರಡನೆಯವು ಹುಟ್ಟಿದ್ದವು. ಮೊದಲನೆಯದು ಒಂದೂ ಇಲ್ಲ.

ಅಂಗಡಿಯ ಎದುರಿಗೆ, ರಸ್ತೆಯ ಆಚೆ, ಗಾಜಿನ ಗೋಡೆಯ ಒಂದು ಕಾರ್ ಶೋರೂಮು. ಅದರ ನಟ್ಟನಡುವೆ ಎಂಟು ವರ್ಷದಿಂದ ತಿಳಿನೀಲಿ ಬಣ್ಣದ ಒಂದು ಪುಟ್ಟ ಎಲೆಕ್ಟ್ರಿಕ್ ಕಾರು ನಿಂತಿತ್ತು. ಬೆಳಿಗ್ಗೆ ಕೀಲಿಯಣ್ಣ ಶಟರ್ ಎತ್ತುವ ಹೊತ್ತಿಗೆ ಸರಿಯಾಗಿ ಬಿಸಿಲು ಗಾಜು ದಾಟಿ ಅದರ ಮೂತಿಯ ಮೇಲೆ ಬೀಳುತ್ತಿತ್ತು. ಅವನು ಒಂದು ನಿಮಿಷ ನಿಂತು ನೋಡುತ್ತಿದ್ದ. ಒಂದು ನಿಮಿಷ ಎಂದು ಅವನು ಹೇಳುತ್ತಿದ್ದ. ಪಕ್ಕದ ಕ್ಷೌರದಂಗಡಿಯವನು ಗಡಿಯಾರ ನೋಡಿ ಹನ್ನೆರಡು ಎಂದು ತಿದ್ದುತ್ತಿದ್ದ.

ಊರಿನವರೆಲ್ಲ ಒಳಗೆ ಹೋಗಿ ಕಾರಿನಲ್ಲಿ ಕೂತು ಫೋಟೋ ತೆಗೆಸಿಕೊಂಡು ಬರುತ್ತಿದ್ದರು. ಕೀಲಿಯಣ್ಣ ಒಮ್ಮೆಯೂ ಹೋಗಲಿಲ್ಲ. ಕೈಯೆಲ್ಲ ಎಣ್ಣೆ ಎಂದು ನೆಪ ಹೇಳುತ್ತಿದ್ದ. ನಿಜ ಬೇರೆ ಇತ್ತು. ಕೂತು ಎದ್ದು ಬಂದರೆ ಅದು ಇನ್ನೊಬ್ಬರದು ಎಂದು ಒಪ್ಪಿಕೊಂಡ ಹಾಗಾಗುತ್ತಿತ್ತು. ಅಷ್ಟೊಂದು ಆಸೆಪಟ್ಟ ವಸ್ತುವಿನ ಬಗ್ಗೆ ಅಂಥ ಮಾತನ್ನು ಒಪ್ಪಿಕೊಳ್ಳಲು ಅವನಿಗೆ ಮನಸ್ಸಿರಲಿಲ್ಲ.

ಹೀಗಿರುವಾಗ ಒಂದು ದಿನ ಶೋರೂಮಿನ ಯಜಮಾನರು ಓಡೋಡಿ ರಸ್ತೆ ದಾಟಿ ಬಂದರು.

"ಕೀಲಿಯಣ್ಣಾ, ಬೇಗ ಬಾ. ಕಾರಿನ ಕೀ ಒಳಗೇ ಉಳಿದು ಬಾಗಿಲು ಹಾಕ್ಕೊಂಡುಬಿಟ್ಟಿದೆ. ಇನ್ನು ನಾಲ್ಕು ತಿಂಗಳಲ್ಲಿ ಶೋರೂಮ್ ಖಾಲಿ ಮಾಡಬೇಕು, ಈ ನೀಲಿ ಪೀಡೆ ಮಾತ್ರ ಜಾಗ ಬಿಟ್ಟು ಕದಲ್ತಾ ಇಲ್ಲ."

ಕೀಲಿಯಣ್ಣ ಕೈಯನ್ನು ಎರಡು ಸಲ ಸೋಪು ಹಾಕಿ ತೊಳೆದುಕೊಂಡು ಹೋದ. ಒಂದು ತೆಳುವಾದ ಪಟ್ಟಿ, ಒಂದು ಬಾಗಿದ ತಂತಿ, ಎರಡು ನಿಮಿಷ. ಬಾಗಿಲು ತೆರೆಯಿತು. ಒಳಗಿನಿಂದ ಹೊಸ ಬಟ್ಟೆಯಂಗಡಿಯ ವಾಸನೆ ಬಂತು. ಅವನಿಗೆ ಆ ವಾಸನೆಯ ಪರಿಚಯ ಅಷ್ಟಾಗಿ ಇರಲಿಲ್ಲ, ಆದ್ದರಿಂದ ಬಾಗಿಲು ಹಿಡಿದುಕೊಂಡೇ ನಿಂತ.

"ಇದು ಮೊದಲು ಯಾರ ಹತ್ರ ಇತ್ತು ಸಾರ್?"

"ಯಾರ ಹತ್ರಾನೂ ಇಲ್ಲ. ಕಂಪನಿಯವರು ಪ್ರದರ್ಶನಕ್ಕೆ ಅಂತ ಕಳಿಸಿದ್ದು. ನೋಂದಣಿನೇ ಆಗಿಲ್ಲ. ಎಂಟು ವರ್ಷದಲ್ಲಿ ಓಡಿರೋದು ನಲವತ್ತೊಂದು ಕಿಲೋಮೀಟರು. ಅದೂ ನೆಲ ಒರೆಸೋಕೆ ಅಂತ ಹಿಂದೆ ಮುಂದೆ ಮಾಡಿದ್ದು."

"ಹಾಗಾದ್ರೆ ಈಗ ತಗೊಂಡೋನೇ ಮೊದಲನೇ ಮಾಲೀಕ?"

"ಮತ್ತಿನ್ನೇನು? ಆದ್ರೆ ನೋಡು, ಮುಚ್ಚಿಟ್ಟು ಮಾರೋನಲ್ಲ ನಾನು. ಈ ಮಾಡೆಲ್ ಕಂಪನಿ ನಿಲ್ಲಿಸಿಬಿಟ್ಟಿದೆ. ಬ್ಯಾಟರಿ ಕೂತು ಕೂತು ಸೊರಗಿದೆ, ಒಂದು ಸಲ ಚಾರ್ಜ್ ಮಾಡಿದ್ರೆ ತೊಂಬತ್ತು ಕಿಲೋಮೀಟರು ಹೋದ್ರೆ ಹೆಚ್ಚು. ಬಿಡಿಭಾಗ ಸಿಗೋದು ಕಷ್ಟ. ಹಾರನ್ನು..."

ಯಜಮಾನರು ಪ್ರಾಮಾಣಿಕರು, ಹತ್ತು ನಿಮಿಷ ದೋಷಗಳನ್ನು ಒಂದೊಂದಾಗಿ ಎಣಿಸಿದರು. "ಮೊದಲನೇ" ಎಂಬ ಮಾತಿನ ಆಚೆಗೆ ಕೀಲಿಯಣ್ಣನಿಗೆ ಒಂದಕ್ಷರವೂ ಕೇಳಿಸಲಿಲ್ಲ. ಬೆಲೆಯ ಮಾತು ನಿಂತ ಮೆಟ್ಟಿನಲ್ಲೇ ಮುಗಿಯಿತು.

ಮನೆಯಲ್ಲಿ ಅವನೂ ಹೆಂಡತಿಯೂ ಇಬ್ಬರೇ. ಮಕ್ಕಳಿರಲಿಲ್ಲ. ಹೆಂಡತಿ ಬಟ್ಟೆ ಮಡಚುತ್ತ ಕೂತಿದ್ದಾಗ ಅವನು ಸುದ್ದಿ ಹೇಳಿದ.

"ಎಂಟು ವರ್ಷದ ಹಳೇ ಕಾರಾ?"

"ಹಳೇದಲ್ಲ ಕಣೇ. ಹೊಸದು."

"ಎಂಟು ವರ್ಷದ ಹೊಸದಾ?"

"ಯಾರೂ ಇಟ್ಕೊಂಡಿರ್ಲಿಲ್ಲ. ನಾನೇ ಮೊದಲು."

ಹೆಂಡತಿ ಅವನ ಮುಖ ನೋಡಿದಳು. ಕೈಯಲ್ಲಿದ್ದ ಟವೆಲನ್ನು ಮೂರನೇ ಸಲ ಮಡಚಿದಳು.

ಮಾರನೆಯ ದಿನ ಕೀಲಿಯಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ವಾಹನ ನೋಂದಣಿ ಕಚೇರಿಗೆ ಹೋದ. ಮೂರನೇ ಕೌಂಟರು ಹೊಸ ವಾಹನಗಳಿಗೆ, ಏಳನೆಯದು ಹಳೆಯ ವಾಹನಗಳಿಗೆ. ಅವನು ಎದೆ ಸೆಟೆಸಿ ಮೂರರ ಮುಂದೆ ನಿಂತ. ಗುಮಾಸ್ತ ಪೆನ್ನಿನ ಮುಚ್ಚಳ ಕಚ್ಚುತ್ತ ಕಂಪ್ಯೂಟರಿನಲ್ಲಿ ತಯಾರಾದ ವರ್ಷ ಹುಡುಕಿದ. ಅಲ್ಲಿನ ಪಟ್ಟಿ ಎರಡು ವರ್ಷ ಹಿಂದಕ್ಕೆ ಹೋಗಿ ನಿಂತುಬಿಟ್ಟಿತು.

"ಎಂಟು ವರ್ಷದ ಹಿಂದಿನದು ಹೊಸದು ಹೇಗಾಗುತ್ರೀ? ಏಳಕ್ಕೆ ಹೋಗಿ."

ಏಳರಲ್ಲಿದ್ದವರು ನಿವೃತ್ತಿಗೆ ಹತ್ತಿರವಾದ, ಸಮಾಧಾನದ ಮನುಷ್ಯ.

"ಹಿಂದಿನ ಮಾಲೀಕರ ಹೆಸರು?"

"ಇಲ್ಲ ಸಾರ್."

"ತೀರ್ಕೊಂಡ್ರಾ?"

"ಹುಟ್ಟೇ ಇಲ್ಲ ಸಾರ್."

"ಹುಟ್ಟದೇ ಇರೋರಿಂದ ವರ್ಗಾವಣೆ ಮಾಡ್ಕೊಳ್ಳೋಕೆ ಬರಲ್ಲ. ಮೂರಕ್ಕೆ ಹೋಗಿ."

ಮೂರರವನು ಅವನನ್ನು ಏಳಕ್ಕೆ ಕಳಿಸಿದ, ಏಳರವರು ಮೂರಕ್ಕೆ ಕಳಿಸಿದರು. ಒಂದೇ ವಾರದಲ್ಲಿ ಹೀಗೆ ಹನ್ನೊಂದು ಸಲವಾಯಿತು. ಕೊನೆಗೆ ಕಚೇರಿಯ ಕಾವಲುಗಾರ ಕನಿಕರಪಟ್ಟು ಐದನೇ ಕೌಂಟರಿನ ಎದುರಿಗೆ ಒಂದು ಕುರ್ಚಿ ಹಾಕಿಕೊಟ್ಟ. ಐದರಲ್ಲಿ ಯಾರೂ ಕೂರುತ್ತಿರಲಿಲ್ಲ, ಆದರೆ ಎರಡೂ ಕಡೆಗೆ ಸಮ ದೂರವಾಗುತ್ತಿತ್ತು.

ಹನ್ನೆರಡನೆಯ ಸಲ ಏಳರವರಿಗೇ ಮನಸ್ಸು ಕರಗಿತು. "ನೋಡಿ, ಒಂದು ಸುಲಭದ ದಾರಿ ಇದೆ. ಶೋರೂಮಿನವರಿಗೆ ಹಳೇ ದಾಸ್ತಾನು ಅಂತ ಬೇರೆ ಫಾರಂ ಉಂಟು. ಇವತ್ತು ಅವರ ಹೆಸರಿಗೆ ಮಾಡಿಸಿ, ನಾಳೆ ನಿಮ್ಮ ಹೆಸರಿಗೆ ವರ್ಗ. ಹತ್ತು ನಿಮಿಷದ ಕೆಲಸ. ನೀವು ಎರಡನೇ ಮಾಲೀಕರು, ಆರಾಮಾಗಿ ಓಡಿಸ್ಕೊಂಡಿರಿ."

ಎರಡನೇ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಕೀಲಿಯಣ್ಣನ ಮುಖ ಕಪ್ಪಿಟ್ಟಿತು.

"ಆಗಲ್ಲ ಸಾರ್."

"ಯಾಕ್ರೀ?"

"ಅದೊಂದು ಆಗಲ್ಲ."

ಸುದ್ದಿ ಬೀದಿಗೆಲ್ಲ ಹಬ್ಬಿತು. ಎಲ್ಲರೂ ಬಂದು ಬುದ್ಧಿ ಹೇಳಿದರು. ಕ್ಷೌರದವನು ಗಿರಾಕಿಯ ಅರ್ಧ ಗಡ್ಡ ಬಿಟ್ಟು ಬಂದು, "ಕಾಗದದಲ್ಲಿ ಏನಿದ್ರೇನು ಕೀಲಿಯಣ್ಣಾ, ರಸ್ತೆ ಮೇಲೆ ಹೋಗೋವಾಗ ಯಾರು ನೋಡ್ತಾರೆ?" ಎಂದ. ಅರ್ಧ ಗಡ್ಡದ ಗಿರಾಕಿಯೂ ಹೌದೆಂದು ತಲೆಯಾಡಿಸಿದ. ಶೋರೂಮಿನ ಯಜಮಾನರು ಕೈ ಮುಗಿದರು.

"ಒಂದಾದ್ರೇನು ಎರಡಾದ್ರೇನು? ಕಾರು ಅದೇ ಅಲ್ವೇನಪ್ಪಾ?"

"ಅಂಗಿನೂ ಅದೇ ಆಗಿತ್ತು ಸಾರ್," ಎಂದ ಕೀಲಿಯಣ್ಣ.

ಯಜಮಾನರಿಗೆ ಏನೂ ಅರ್ಥವಾಗಲಿಲ್ಲ. ಬ್ಯಾಟರಿಯ ಜೊತೆಗೆ ಗಿರಾಕಿಯೂ ಸೊರಗಿದ್ದಾನೆ ಎಂದುಕೊಂಡು ಹೊರಟುಹೋದರು.

ವಿಷಯ ಕೊನೆಗೆ ಕಚೇರಿಯ ಮುಖ್ಯಾಧಿಕಾರಿ ಮೇಡಂ ಅವರ ಮೇಜಿಗೆ ಹೋಯಿತು. ಮೇಡಂ ಮಾತು ಕಡಿಮೆ. ಕಡತವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿ, ಮತ್ತೆ ಮೊದಲಿನಿಂದ ಓದಿದರು. ಆಮೇಲೆ ಕನ್ನಡಕ ತೆಗೆದು ಅವನನ್ನು ನೋಡಿದರು.

"ಹತ್ತು ನಿಮಿಷದ ಕೆಲಸ ಬಿಟ್ಟು ಒಂದೂವರೆ ತಿಂಗಳಿಂದ ಓಡಾಡ್ತಿದ್ದೀರಿ. ನಿಮಗೆ ಬೇಕಾಗಿರೋದು ಏನು?"

"ಒಂದು ಮೇಡಂ."

"ಒಂದು ಏನು?"

"ಕಾಗದದಲ್ಲಿ ಮಾಲೀಕರ ಕ್ರಮ ಸಂಖ್ಯೆ ಅಂತ ಇರುತ್ತಲ್ಲ. ಅಲ್ಲಿ ಒಂದು."

ಮೇಡಂ ಕನ್ನಡಕ ಮತ್ತೆ ಹಾಕಿಕೊಂಡರು. ನಂತರ ಕಪಾಟಿನಿಂದ ದಪ್ಪದೊಂದು ಪುಸ್ತಕ ತೆಗೆದು ಧೂಳು ಊದಿದರು. ಅದರಲ್ಲಿ ದಾರಿಯೊಂದು ಸಿಕ್ಕಿತು. ಈ ವಾಹನ ಹಿಂದೆ ಯಾರದಾದರೂ ಆಗಿದ್ದರೆ ಮೂವತ್ತು ದಿನದೊಳಗೆ ಬಂದು ತಿಳಿಸಬೇಕು ಎಂದು ಫಲಕದಲ್ಲಿ ನೋಟಿಸು ಹಾಕುವುದು. ಯಾರೂ ಬಾರದಿದ್ದರೆ ಕ್ರಮ ಸಂಖ್ಯೆ ಒಂದು.

ಯಾರು ಬರುತ್ತಾರೆ, ಇದು ಯಾರದೂ ಅಲ್ಲವಲ್ಲ ಎಂದು ಕೀಲಿಯಣ್ಣ ಆರಾಮಾಗಿದ್ದ. ಕಾರಿನ ಚಿತ್ರವಿದ್ದ ನೋಟಿಸನ್ನು ಊರಿನವರು ಪೂರ್ತಿ ಓದುವವರಲ್ಲ ಎಂಬುದನ್ನು ಅವನು ಮರೆತಿದ್ದ. ನೀಲಿ ಕಾರಿನ ಬಗ್ಗೆ ಕಚೇರಿಯಲ್ಲಿ ಏನೋ ಕೇಳುತ್ತಿದ್ದಾರಂತೆ ಎಂದಷ್ಟೇ ಸುದ್ದಿಯಾಯಿತು. ಮೊದಲ ವಾರದಲ್ಲೇ ಹದಿನಾಲ್ಕು ಜನ ಫೋಟೋ ಹಿಡಿದುಕೊಂಡು ಬಂದರು. ಬೇಕರಿಯವನು ಬಂದ, ಅಂಚೆಯವನು ಬಂದ, ನಿವೃತ್ತ ಸಂಗೀತದ ಟೀಚರು ಮೊಮ್ಮಗಳ ಜೊತೆ ಬಂದರು. ಎಲ್ಲರ ಫೋಟೋದಲ್ಲೂ ಅದೇ ಕಾರು, ಅದೇ ಸ್ಟಿಯರಿಂಗು, ಅದೇ ನಗು. ಮೂರನೇ ಕೌಂಟರಿನ ಗುಮಾಸ್ತ ಕೂಡ ಮೆಲ್ಲಗೆ ಫೋನು ತೆಗೆದು ತನ್ನದನ್ನು ತೋರಿಸಿದ. "ಕೂತವರು ಮಾಲೀಕರಲ್ಲ" ಎಂದು ಮೇಡಂ ಕಡತದಲ್ಲಿ ಬರೆದು ಕೆಳಗೆ ಗೆರೆ ಎಳೆದರು.

ಗೆರೆ ಎಳೆದರೇನು? ಆ ಫೋಟೋಗಳನ್ನು ನೋಡಿದ ಕೀಲಿಯಣ್ಣನಿಗೆ ಊಟ ಸೇರಲಿಲ್ಲ.

"ಇಡೀ ಊರೇ ಕೂತೆದ್ದಿದೆ ಕಣೇ ಅದರಲ್ಲಿ," ಎಂದ ಹೆಂಡತಿಗೆ. "ಕೂರದೇ ಇರೋರು ನಾವಿಬ್ಬರೇ."

ಹೆಂಡತಿ ಲೋಟ ತೊಳೆಯುತ್ತಿದ್ದಳು. ನೀರು ನಿಲ್ಲಿಸಿದಳು.

"ನಾನೂ ಕೂತಿದ್ದೆ."

"ನೀನಾ? ಯಾವಾಗ?"

"ಐದು ವರ್ಷ ಆಯ್ತು. ನಿಮಗೆ ಊಟದ ಡಬ್ಬಿ ಕೊಟ್ಟು ಬರ್ತಾ ಇದ್ದೆ. ಬಿಸಿಲು ಅಂತ ಒಳಗೆ ಹೋದೆ. ಕೂತ್ಕೊಳ್ಳಮ್ಮಾ ಅಂದ್ರು. ಸ್ಟಿಯರಿಂಗ್ ಕಡೆ ಕೂರ್ಲಿಲ್ಲ, ಪಕ್ಕದ ಸೀಟಲ್ಲಿ ಕೂತೆ. ಅಲ್ಲಿಂದ ನಿಮ್ಮ ಅಂಗಡಿ ಕಾಣಿಸ್ತಿತ್ತು. ನೀವು ತಲೆ ಬಗ್ಗಿಸಿ ಅರ ಉಜ್ತಾ ಇದ್ರಿ. ಈ ಕಡೆ ಸೀಟಲ್ಲಿ ನೀವೇ ಇದ್ದೀರಿ ಅಂತ ಅನ್ಕೊಂಡು ಐದು ನಿಮಿಷ ಕೂತಿದ್ದೆ."

ಕೀಲಿಯಣ್ಣನಿಗೆ ಆ ದಿನ ತಾನು ತಲೆ ಎತ್ತಿ ನೋಡಿದ್ದರೆ ಆಗುತ್ತಿತ್ತು ಎಂದು ಬಹಳ ಅನಿಸಿತು. ತೊಳೆದ ಲೋಟಗಳನ್ನು ಒಂದೊಂದಾಗಿ ಒರೆಸಿಟ್ಟ.

ಮೂವತ್ತನೆಯ ದಿನ ಬಂತು. ಸಂಜೆ ಐದಕ್ಕೆ ಗಡುವು. ಕೀಲಿಯಣ್ಣ ಬೆಳಿಗ್ಗೆಯೇ ಹೋಗಿ ತನ್ನ ಕುರ್ಚಿಯಲ್ಲಿ ಕೂತಿದ್ದ. ಧೈರ್ಯಕ್ಕಿರಲಿ ಎಂದು ಕ್ಷೌರದವನನ್ನೂ ಕರೆದುಕೊಂಡು ಹೋಗಿದ್ದ. ನಾಲ್ಕೂವರೆಗೆ ಬಿಳಿ ಮೀಸೆಯ ಹಿರಿಯರೊಬ್ಬರು ಗಾಜು ಹಾಕಿಸಿದ ದೊಡ್ಡ ಫೋಟೋವನ್ನು ಕಂಕುಳಲ್ಲಿಟ್ಟುಕೊಂಡು ಒಳಗೆ ಬಂದರು. ಅವರನ್ನು ಕಂಡದ್ದೇ ಕ್ಷೌರದವನು ಕುರ್ಚಿಯ ಹಿಂದೆ ಕುಕ್ಕರಿಸಿದ.

"ಈ ಕಾರು ನನ್ನ ಅಳಿಯನದು," ಎಂದರು ಹಿರಿಯರು, ಫೋಟೋವನ್ನು ಮೇಡಂ ಅವರ ಮೇಜಿನ ಮೇಲಿಟ್ಟು. "ಏಳು ವರ್ಷದಿಂದ ನಮ್ಮ ಮನೆ ಗೋಡೆ ಮೇಲೆ ಇದೆ. ಮದುವೆ ಮಾತಾಡೋವಾಗ ಅವನೇ ಕೊಟ್ಟಿದ್ದು. ನನ್ನ ಸ್ವಂತ ಕಾರು ಅಂತ ಹೇಳಿದ್ದ."

ಫೋಟೋದಲ್ಲಿ ನೀಲಿ ಕಾರು. ಒಳಗೆ ಕಪ್ಪು ಕನ್ನಡಕ ಹಾಕಿ, ಕಿಟಕಿಗೆ ಮೊಣಕೈ ಊರಿದ ಕ್ಷೌರದವನು.

ಕೀಲಿಯಣ್ಣ ಕುರ್ಚಿಯಿಂದ ಎದ್ದು ನಿಂತ. ಮೇಡಂ ಗಡಿಯಾರ ನೋಡಿದರು. "ಅಳಿಯಂದಿರು ಎಲ್ಲಿದ್ದಾರೆ?"

ಕುರ್ಚಿಯ ಹಿಂದಿನಿಂದ ಕ್ಷೌರದವನ ತಲೆ ಮೆಲ್ಲಗೆ ಮೇಲೆ ಬಂತು. ಅವನು ಮಾವನನ್ನು ನೋಡಿದ, ಕೀಲಿಯಣ್ಣನನ್ನು ನೋಡಿದ. ಒಂದು ಕಡೆ ಏಳು ವರ್ಷದ ಮರ್ಯಾದೆ, ಇನ್ನೊಂದು ಕಡೆ ಹದಿನೈದು ವರ್ಷ ಗೋಡೆ ಹಂಚಿಕೊಂಡ ಗೆಳೆಯ. ಹಣೆಯ ಬೆವರನ್ನು ಹೆಗಲ ಮೇಲಿದ್ದ ಗಿರಾಕಿಗಳ ಟವೆಲಿನಿಂದಲೇ ಒರೆಸಿಕೊಂಡ.

"ಮಾವಾ, ಕೂತಿದ್ದೆ ಅಷ್ಟೇ."

"ಏನು?"

"ಕಾರು ನಂದಲ್ಲ. ಕೂತು ಫೋಟೋ ತೆಗೆಸ್ಕೊಂಡು ಎದ್ದು ಬಂದೆ. ಕನ್ನಡಕನೂ ನಂದಲ್ಲ, ಶೋರೂಮಿನವರದು."

ಹಿರಿಯರು ಫೋಟೋವನ್ನು ನಿಧಾನವಾಗಿ ಎತ್ತಿಕೊಂಡರು.

"ಗೊತ್ತಿತ್ತು ಬಿಡು. ಏಳು ವರ್ಷದಲ್ಲಿ ಎಷ್ಟು ಸಲ ಬಂದಿದ್ದೀನಿ, ಒಂದು ದಿನವಾದ್ರೂ ಬಸ್ ಸ್ಟಾಂಡಿಗೆ ಕಾರು ತಂದಿದ್ದೀಯಾ? ಪ್ರತಿ ಸಲ ಸರ್ವೀಸಿಗೆ ಬಿಟ್ಟಿದ್ದೀನಿ ಅಂತಿದ್ದೆ. ಏಳು ವರ್ಷ ಸರ್ವೀಸು ಮಾಡಿಸ್ಕೊಳ್ಳೋ ಕಾರು ಎಲ್ಲಾದ್ರೂ ಉಂಟೇನೋ?"

"ಮತ್ತೆ ಯಾಕೆ ಬಂದ್ರಿ ಮಾವಾ?"

"ಹೋದ ಸಲ ಬಂದಾಗ ನೋಟಿಸು ನೋಡಿದೆ. ಇವತ್ತಾದ್ರೂ ನಿಜ ಹೇಳ್ತೀಯಾ ಅಂತ ನೋಡೋಣ ಅನ್ನಿಸ್ತು. ಹೇಳ್ದೆ. ಸಾಕು, ನಡಿ ಮನೆಗೆ."

ಮಾವನೂ ಅಳಿಯನೂ ಫೋಟೋದ ಒಂದೊಂದು ತುದಿ ಹಿಡಿದುಕೊಂಡು ಹೊರಟರು. ಐದು ಗಂಟೆಗೆ ಮೇಡಂ ಸಹಿ ಹಾಕಿದರು. ಮೂರು ಮತ್ತು ಏಳನೇ ಕೌಂಟರಿನವರಿಬ್ಬರೂ ಎದ್ದು ಬಂದು ಕೀಲಿಯಣ್ಣನ ಕೈ ಕುಲುಕಿದರು. ಕಾಗದದಲ್ಲಿ ಅಚ್ಚಾಗಿತ್ತು: ಮಾಲೀಕರ ಕ್ರಮ ಸಂಖ್ಯೆ, ಒಂದು. ಅವನು ಆ ಅಂಕಿಯ ಮೇಲೆ ಬೆರಳಿಟ್ಟು ನೋಡಿದ. ಐವತ್ತೆಂಟು ವರ್ಷ ಕಾದದ್ದು ಒಂದು ಅಕ್ಕಿಕಾಳಿನಷ್ಟು ಉದ್ದವಿತ್ತು. ಅವನಿಗೆ ಅಳು ಬಂತು, ತಡೆಯಲೂ ಇಲ್ಲ.

ಕಾರು ಮನೆಗೆ ಬಂತು. ಇನ್ನು ಸುಖವೋ ಸುಖ ಎಂದುಕೊಂಡಿರಾ? ಹೆಂಡತಿಯೂ ಹಾಗೆಯೇ ಅಂದುಕೊಂಡಿದ್ದಳು.

ಸೀಟುಗಳ ಪ್ಲಾಸ್ಟಿಕ್ಕು ತೆಗೆಯಕೂಡದು ಎಂದ. ಒಳಗೆ ಕೂರುವ ಮುನ್ನ ಚಪ್ಪಲಿ ಹೊರಗೆ ಬಿಡಬೇಕು ಎಂದ. ಬಾಗಿಲು ಹಾಕುವಾಗ ಮಗುವನ್ನು ಮಲಗಿಸುವ ಹಾಗೆ ಹಾಕಬೇಕು ಎಂದ. ಬಿಸಿಲಿಗೆ ಬಣ್ಣ ಹೋಗುತ್ತದೆಂದು ಹಗಲು ಹೊರಗೆ ತೆಗೆಯಲಿಲ್ಲ, ಸಂಜೆ ಧೂಳು ಎಂದು ತೆಗೆಯಲಿಲ್ಲ. ದಿನಕ್ಕೆರಡು ಸಲ ಒರೆಸಿದ. ಯಾರಾದರೂ ಹತ್ತಿರ ಬಂದರೆ ಸಾಕು, ಅವನ ಬಾಯಿಂದ ತಾನಾಗಿಯೇ ಮಾತೊಂದು ಬರುತ್ತಿತ್ತು: "ಜೋಪಾನ!" ಒಂದು ತಿಂಗಳಲ್ಲಿ ಕಾರು ಓಡಿದ್ದು ಮೂರು ಕಿಲೋಮೀಟರು. ಶೋರೂಮಿನಲ್ಲಿ ನೆಲ ಒರೆಸುವವರ ಕೈಯಲ್ಲೇ ಅದು ಇದಕ್ಕಿಂತ ಹೆಚ್ಚು ಲೋಕ ನೋಡಿತ್ತೇನೋ.

"ಪಕ್ಕದ ಸೀಟಲ್ಲಿ ಕೂತು ಎಲ್ಲಿಗಾದ್ರೂ ಹೋಗ್ಬೇಕು ಅಂತಿದ್ದೆ," ಎಂದಳು ಹೆಂಡತಿ ಒಂದು ದಿನ. "ಈಗ ನೋಡಿದ್ರೆ ಅಲ್ಲಿದ್ದಾಗಲೇ ವಾಸಿಯಿತ್ತು. ಕೂತ್ಕೊಳ್ಳಮ್ಮಾ ಅಂತಾದ್ರೂ ಅಂತಿದ್ರು."

ಕೀಲಿಯಣ್ಣ ಕೇಳಿಸಿಕೊಳ್ಳಲಿಲ್ಲ. ಅವನು ಒಬ್ಬರ ದಾರಿ ಕಾಯುತ್ತಿದ್ದ. ಕಾರನ್ನು ಅಣ್ಣ ಇನ್ನೂ ನೋಡಿರಲಿಲ್ಲ.

ಅಣ್ಣ ಬಂದದ್ದು ಒಂದು ಭಾನುವಾರ, ರಾತ್ರಿಯಿಡೀ ಮಳೆ ಸುರಿದು ನಿಂತ ಬೆಳಿಗ್ಗೆ. ಅಣ್ಣ ನಿವೃತ್ತ ಮೇಷ್ಟರು. ಅರವತ್ತೊಂದಾದರೂ ಅಂಗಿಯ ತೋಳಿನ ಗೆರೆ ಮುರಿದಿರಲಿಲ್ಲ. ಬಸ್ಸಿಳಿದು ಕೆಸರು ಬೀದಿಯಲ್ಲಿ ನಡೆದು ಬಂದಿದ್ದರೂ ಗೇಟಿನ ಹೊರಗೇ ನಿಂತು ಕರವಸ್ತ್ರದಿಂದ ಬೂಟು ಒರೆಸಿಕೊಂಡ. ಅವನ ವಸ್ತುಗಳು ಎಂದೂ ಹಳೆಯವಾಗುತ್ತಿರಲಿಲ್ಲ. ಇಪ್ಪತ್ತು ವರ್ಷ ಇಟ್ಟುಕೊಂಡಿದ್ದ ಕಾರನ್ನು ಮಾರಿದಾಗ ಕೊಂಡವನು ಹೊಸದೆಂದು ಭಾವಿಸಿದ್ದ.

ಕೀಲಿಯಣ್ಣ ಕಾರಿಗಿಂತ ಮೊದಲು ಕಾಗದ ತೋರಿಸಿದ. ಅಣ್ಣ ಅದನ್ನು ದೂರ ಹಿಡಿದು ಓದಿದ.

"ಕ್ರಮ ಸಂಖ್ಯೆ ಒಂದು," ಎಂದ. ಆಮೇಲೆ, "ಪಾಪ," ಎಂದ.

"ಪಾಪ ಅಂದ್ರೆ?"

"ಏನಿಲ್ಲ ಬಿಡು." ಅಣ್ಣ ಕಾರಿನ ಸುತ್ತ ಒಂದು ಸುತ್ತು ಬಂದ. ಪ್ಲಾಸ್ಟಿಕ್ಕು ಹೊದ್ದ ಸೀಟುಗಳನ್ನು ನೋಡಿದ. ಬಾಗಿಲ ಬಳಿ ಜೋಡಿಸಿಟ್ಟ ಚಪ್ಪಲಿಗಳನ್ನು ನೋಡಿದ. "ನಾನೊಂದು ಸಲ ಓಡಿಸ್ಲಾ?"

ಅಣ್ಣ ತನ್ನಲ್ಲಿ ಏನನ್ನಾದರೂ ಹೀಗೆ ಕೇಳಲಿ ಎಂದು ಕೀಲಿಯಣ್ಣ ಚಡ್ಡಿ ಹಾಕುವ ಕಾಲದಿಂದ ಕಾದಿದ್ದ. ಧಾರಾಳವಾಗಿ ಕೀ ಚಾಚಿದ. ಚಾಚುವಾಗ ಬಾಯಿಂದ ಅದೇ ಮಾತು ಬಂತು.

"ಜೋಪಾನ."

ಅಣ್ಣನ ಕೈ ಅರ್ಧದಲ್ಲೇ ಒಂದು ಕ್ಷಣ ನಿಂತಿತು. ಆಮೇಲೆ ಕೀ ತೆಗೆದುಕೊಂಡು, ಬೂಟು ಬಿಚ್ಚಿಟ್ಟು, ಬೆನ್ನು ನೆಟ್ಟಗೆ ಮಾಡಿ ಕೂತ. ಎಲೆಕ್ಟ್ರಿಕ್ ಕಾರಿಗೆ ಸದ್ದಿಲ್ಲ. ಹೊರಟಿದೆಯೋ ಇಲ್ಲವೋ ಎಂದು ಅನುಮಾನಪಟ್ಟು ಅಣ್ಣ ಕಾಲನ್ನು ಇನ್ನಷ್ಟು ಒತ್ತಿದ. ಕಾರು ಸದ್ದಿಲ್ಲದೆ, ಬಹಳ ಮರ್ಯಾದೆಯಿಂದ ಹಿಂದಕ್ಕೆ ಹೋಗಿ ಗೇಟಿನ ಕಂಬಕ್ಕೆ ಗುದ್ದಿತು.

ಸದ್ದು ಬಂದದ್ದು ಆಗಲೇ. ಹೆಂಡತಿ ಬಾಗಿಲಿಗೆ ಬಂದಳು. ಬೀದಿಯ ಕಿಟಕಿಗಳೆಲ್ಲ ತೆರೆದವು.

ಅಣ್ಣ ಇಳಿದ. ಬರಿಗಾಲಲ್ಲಿ ಕೆಸರಿನಲ್ಲಿ ನಿಂತು ನಜ್ಜಾದ ಜಾಗವನ್ನೇ ನೋಡಿದ. ಅವನ ಮುಖ ಬಿಳಿಚಿಕೊಂಡಿತ್ತು. ಆ ಮುಖವನ್ನು ಕೀಲಿಯಣ್ಣ ಹಿಂದೆ ಒಮ್ಮೆ ನೋಡಿದ್ದ. ಅಣ್ಣನ ಅಂಗಿ ಬೇಲಿಯ ತಂತಿಗೆ ಸಿಕ್ಕಿ ಹರಿದ ದಿನ. ಅಣ್ಣನಿಗಾಗ ಹತ್ತು ವರ್ಷ.

"ಅಮ್ಮ ಅವತ್ತು ಹೊಡೀಲಿಲ್ಲ," ಎಂದ ಅಣ್ಣ, ಯಾರೋ ಕೇಳಿದ ಹಾಗೆ. "ತಮ್ಮನಿಗೆ ಇನ್ನೇನು ಹಾಕ್ಲಿ ಅಂತ ಅತ್ತಳು. ಹೊಡೆದಿದ್ರೆ ವಾಸಿಯಿತ್ತು."

"ಅಣ್ಣಾ..."

"ನೀನು ಮರ ಹತ್ತುತ್ತಿದ್ದೆ. ಕೆಸರಲ್ಲಿ ಜಾರುತ್ತಿದ್ದೆ. ನಾನು ದಡದಲ್ಲಿ ನಿಂತು ನೋಡ್ತಿದ್ದೆ. ಯಾಕೆ ಅಂತ ಯಾವತ್ತಾದ್ರೂ ಕೇಳಿದ್ದೀಯಾ? ಅಂಗಿ ನಿಂದು ಕಣೋ. ಮೂರು ವರ್ಷ ಮೊದಲೇ ನಾನು ಹಾಕ್ಕೊಂಡಿರ್ತಿದ್ದೆ, ಅಷ್ಟೇ. ಬೂಟು ನಿಂದು, ಪುಸ್ತಕ ನಿಂದು. ಹೊಸ ಅಂಗಿ ತೊಡಿಸೋವಾಗ್ಲೇ ಅಮ್ಮ ಕಿವೀಲಿ ಹೇಳ್ತಿದ್ಲು, ಜೋಪಾನ, ತಮ್ಮನಿಗೆ ಬೇಕು. ನಿನ್ನ ಹಿಂದೆ ಯಾರೂ ಇರ್ಲಿಲ್ಲ. ಹರಿದ್ರೆ ಹರೀತು. ನಾನು ಒಂದೇ ಒಂದು ಸಲ ಆ ಥರ ಹರೀಬೇಕು ಅಂತ ಎಷ್ಟು ಆಸೆಪಟ್ಟಿದ್ದೆ ಗೊತ್ತಾ?"

ಐವತ್ತೆಂಟು ವರ್ಷ ಕೀಲಿಯಣ್ಣ ಅಣ್ಣನ ಅಂಗಿಯ ಕಡೆಗೇ ನೋಡಿಕೊಂಡಿದ್ದ. ಅದರ ಒಳಗಿದ್ದ ಹುಡುಗ ಯಾವ ಕಡೆ ನೋಡುತ್ತಿದ್ದಾನೆ ಎಂದು ಅವನಿಗೆ ಒಮ್ಮೆಯೂ ಹೊಳೆದಿರಲಿಲ್ಲ. ನಜ್ಜಾದ ಜಾಗದ ಮೇಲೆ ಕೈ ಆಡಿಸಿದ. ಒಂದು ಊಟದ ತಟ್ಟೆಯಷ್ಟಿತ್ತು.

ಆಮೇಲೆ ಅವನು ಕಾರಿನ ಬಾಗಿಲು ತೆರೆದು, ಮುಂದಿನ ಸೀಟುಗಳ ಪ್ಲಾಸ್ಟಿಕ್ಕನ್ನು ಪರಪರನೆ ಹರಿದು ಬೀದಿಗೆ ಎಸೆದ. ಹಿಂದಿನ ಸೀಟಿನದನ್ನು ಹೆಂಡತಿಯೇ ಬಂದು ಹರಿದಳು. ಅವಳ ಕೈ ಅವನದಕ್ಕಿಂತ ಚುರುಕಾಗಿತ್ತು.

"ನೀನು ಮುಂದೆ ಕೂತ್ಕೋ," ಎಂದ ಕೀಲಿಯಣ್ಣ ಅವಳಿಗೆ. "ಪಕ್ಕದ ಸೀಟು ನಿಂದು. ಅಣ್ಣಾ, ಹತ್ತು. ನೀನೇ ಓಡಿಸು."

"ಕಾಲೆಲ್ಲ ಕೆಸರು ಕಣೋ."

"ಹಾಗೇ ಹತ್ತು."

"ಸೀಟು ಹಾಳಾಗುತ್ತೆ."

"ಆಗ್ಲಿ ಬಿಡು. ನನ್ನ ನಂತರ ಹಾಕ್ಕೊಳ್ಳೋರು ಯಾರಿದ್ದಾರೆ?"

ಬೀದಿಯ ಕೊನೆಯಲ್ಲಿ, ರಸ್ತೆ ತಗ್ಗಾದ ಕಡೆ, ರಾತ್ರಿಯ ಮಳೆನೀರು ಅಡ್ಡಡ್ಡ ನಿಂತಿತ್ತು. ಅಣ್ಣ ಅಭ್ಯಾಸಬಲದಿಂದ ಕಾರು ನಿಧಾನ ಮಾಡಿ, ಅಂಚಿನಲ್ಲಿ ಒಣಗಿದ್ದ ಒಂದು ಮೊಳ ಜಾಗದ ಕಡೆಗೆ ತಿರುಗಿಸಿದ. ಹಿಂದಿನ ಸೀಟಿನಲ್ಲಿದ್ದ ಕೀಲಿಯಣ್ಣನ ಬಾಯಿಗೆ ಆ ಹಳೆಯ ಮಾತು ಬಂತು. ಅದನ್ನು ನುಂಗಿಕೊಂಡ.

"ಮಧ್ಯದಲ್ಲೇ ಹೋಗಣ್ಣ."

ಅಣ್ಣ ಕನ್ನಡಿಯಲ್ಲಿ ಅವನನ್ನು ನೋಡಿದ. ಸ್ಟಿಯರಿಂಗ್ ತಿರುಗಿಸಿ ಕಾಲು ಒತ್ತಿದ. ಎರಡೂ ಕಡೆಯಿಂದ ಕೆಸರು ನೀರು ಕಿಟಕಿಯವರೆಗೆ ಎದ್ದು, ಎಂಟು ವರ್ಷ ಬರೀ ಒರೆಸಿಕೊಂಡೇ ಇದ್ದ ಕಾರಿನ ಮೇಲೆ ದಬದಬ ಬಿತ್ತು. ಹೆಂಡತಿ ಕಿರುಚಿ, ನಕ್ಕಳು. ತೆರೆದ ಕಿಟಕಿಯಿಂದ ಬಂದ ನೀರು ಅಣ್ಣನ ಅಂಗಿಯ ಗೆರೆಯನ್ನು ಹೇಳಹೆಸರಿಲ್ಲದ ಹಾಗೆ ಮಾಡಿತ್ತು. ಆಚೆ ದಡದಲ್ಲಿ ಕಾರು ನಿಂತಾಗ ಅಣ್ಣನ ಹುಬ್ಬಿನಿಂದ ಕೆಸರು ತೊಟ್ಟಿಕ್ಕುತ್ತಿತ್ತು. ಅವನು ಅದನ್ನು ಒರೆಸಿಕೊಳ್ಳಲಿಲ್ಲ.

"ಇನ್ನೊಂದು ಸಲ ಹೋಗ್ಲಾ?" ಎಂದ, ಹಿಂದಕ್ಕೆ ತಿರುಗಿ.

"ಹೋಗಣ್ಣ," ಎಂದ ಕೀಲಿಯಣ್ಣ. "ನಿಂದೇ ಅನ್ಕೋ."